ಜನ್ನತಬಿಯ ಕೊರಳಿಗೆ ಬಿದ್ದ ಹಲಗೆ

ಆಲಮೇಲದ ನಮ್ಮ ಓಣಿಯಲ್ಲಿ ಜನ್ನತಬಿ ಬಳೆ ಇಡದ ಕೈ ಇರಲಿಲ್ಲ. ನನ್ನ ಮದುವೆಗೆ ಬಳೆ ಇಟ್ಟವಳು ಆಕೆಯ ಅತ್ತೆ. ಅತ್ತೆ ಹೋದ ಮೇಲೆ ಬಳೆಯ ಮಲಾರ ಸೊಸೆಯ ಹೆಗಲಿಗೆ ಬಂತು. ಗಂಡ ಕಾಸಿಂಸಾಬ ಕಬ್ಬಿನ ಗಾಡಿ ಹೊಡೆಯುತ್ತಿದ್ದವನು ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಇದ್ದೊಬ್ಬ ಮಗಳು ಕೌಸರಳನ್ನು ನಿಡಗುಂದಿಗೆ ಕೊಟ್ಟು, ಜನ್ನತಬಿ ಇಲ್ಲಿಯೇ ಉಳಿದಳು. ಮಗಳು ಕರೆದರೆ, "ಈ ಊರಾಗಿನ ಕೈ ಅಳತಿ ನನಗ ಗೊತ್ತೈತಿ, ನಿಮ್ಮೂರಿಗೆ ಬಂದು ಏನ್ ಮಾಡ್ಲಿ" ಅನ್ನುತ್ತಿದ್ದಳು.

ನಾನು ಗಂಡ ಸತ್ತವಳು, ಬಳೆಯ ಗಿರಾಕಿಯಲ್ಲ. ಆದರೂ ಓಣಿಯೆಲ್ಲ ಸುತ್ತಿ ಕೊನೆಗೆ ಆಕೆ ಮಲಾರ ಇಳಿಸುತ್ತಿದ್ದುದು ನಮ್ಮ ಕಟ್ಟೆಯ ಮೇಲೆಯೇ. ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಯಾರ ಮನೆಯಲ್ಲಿ ಏನು ನಡೆಯಿತೆಂದು ಹೇಳುತ್ತಿದ್ದಳು. ಹೇಳುವುದರಲ್ಲೂ ಒಂದು ಅಳತೆ. ಬಳೆ ಒಡೆಯಿತು ಎಂದು ಆಕೆ ಎಂದೂ ಅಂದವಳಲ್ಲ. "ಹೆಚ್ಚಾತು" ಅನ್ನಬೇಕು. ಯಾವ ಹುಡುಗಿಯಾದರೂ ಬಾಯಿ ತಪ್ಪಿ ಒಡೀತು ಅಂದರೆ ತಟ್ಟನೆ ಕೈ ಹಿಡಿದು ನಿಲ್ಲಿಸುವಳು.

"ಹಂಗ ಅನಬ್ಯಾಡ ತಂಗಿ. ಗಾಜಿಗೂ ಕಿವಿ ಇರ್ತಾವು."

ಹಳೆಯ ಬಳೆ ತೆಗೆಯುವಾಗಲೂ ಒಂದನ್ನು ಕೈಯಲ್ಲಿ ಬಿಟ್ಟೇ ಹೊಸದು ಏರಿಸುತ್ತಿದ್ದಳು, ಕೈ ಬರಿದಾಗಬಾರದೆಂದು. ಮಾತನ್ನು ಇಷ್ಟು ಕಾಯ್ದವಳನ್ನು ಕೆಡಿಸಿದ್ದು ಒಂದು ಮಾತೇ.

ಹೋದ ವರ್ಷ ಟಿವಿಯವರು ಹೆಂಗಸರ ಆಟದ ಕಾರ್ಯಕ್ರಮ ತೆಗೆಯಲು ಸಿಂದಗಿಗೆ ಬಂದರು. ನನ್ನ ಸೊಸೆ ಜಯಮಾಲಾ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹೊರಟಳು. ಮಾತುಮಾತಿಗೂ ನಗಿಸುತ್ತಾಳೆಂದು ಜನ್ನತಬಿಯನ್ನೂ ಕರೆದಳು. ನಾನು ನೋಡಲು ಹೋಗಿದ್ದೆ. ಕಲ್ಯಾಣ ಮಂಟಪದೊಳಗೆ ಕಣ್ಣು ಕುಕ್ಕುವ ದೀಪಗಳು. ಹೆಂಗಸರನ್ನು ಎರಡು ಪಾಲು ಮಾಡಿ ಒಂದಕ್ಕೆ ಹಳದಿ ದೇಶ, ಇನ್ನೊಂದಕ್ಕೆ ಕೆಂಪು ದೇಶ ಎಂದು ಹೆಸರಿಟ್ಟರು. ನಮ್ಮವರದು ಹಳದಿ. ಒಂದು ದೇಶದವರು ಹಿತ್ತಾಳೆ ತಂಬಿಗೆ ಬಚ್ಚಿಡಬೇಕು, ಆ ಕಡೆಯ ದೇಶದವರು ಹುಡುಕಬೇಕು. ಅದೇ ಆಟ.

ಕೆಂಪಿನವರ ಕಡೆ ಬಾಗೇವಾಡಿಯ ಒಬ್ಬ ಮುದುಕಿ ಇದ್ದಳು. ಹುಡುಕಿ ಹುಡುಕಿ ಸೋತು, ಸೊಂಟ ಹಿಡಿದು ನಿಂತಳು. ಜನ್ನತಬಿಗೆ ತಡೆಯಲಿಲ್ಲ. ಕಣ್ಣಿನಿಂದ ಚಾಪೆಯ ಸುರುಳಿ ತೋರಿಸಿಬಿಟ್ಟಳು. ಹಳದಿ ದೇಶ ಸೋತಿತು.

ಆಟ ಮುಗಿದ ಮೇಲೆ ಕಾರ್ಯಕ್ರಮ ನಡೆಸುವ ಹುಡುಗಿ ದಾರ ಕಟ್ಟಿದ ಹಲಗೆಗಳನ್ನು ತಂದಳು. ಒಂದೊಂದರ ಮೇಲೂ ಒಂದೊಂದು ದೊಡ್ಡ ಮಾತು. ಜೋರು ಮಾಡಿದವರಿಗೆ 'ಸರ್ವಾಧಿಕಾರಿ', ಹೇಳಿದ್ದು ಕೇಳಿದವರಿಗೆ 'ಗುಲಾಮ', ತಮ್ಮವರನ್ನೇ ಸೋಲಿಸಿದವರಿಗೆ 'ದೇಶದ್ರೋಹಿ'. ಜಯಮಾಲಾಳ ಕೊರಳಿಗೆ ಸರ್ವಾಧಿಕಾರಿ ಬಿತ್ತು. ಆಕೆ ನಗುತ್ತಾ ದೇಶದ್ರೋಹಿಯನ್ನು ಜನ್ನತಬಿಯ ಕೊರಳಿಗೆ ಹಾಕಿದಳು. ಮಂಟಪವೆಲ್ಲ ಚಪ್ಪಾಳೆ. ಓದಲು ಬಾರದ ಜನ್ನತಬಿ ಹಲಗೆಯನ್ನು ಸರದಂತೆ ನೆಟ್ಟಗೆ ಮಾಡಿಕೊಂಡಳು.

"ನಿಮ್ಮ ದೇಶಕ್ಕೆ ಯಾಕಮ್ಮ ದ್ರೋಹ ಮಾಡಿದ್ರಿ?" ಆ ಹುಡುಗಿ ಮೈಕು ಹಿಡಿದಳು.

"ಹೌದ್ರಿ, ನಾನ ತೋರಿಸೀನ್ರಿ. ಆ ದೇಶದವರೂ ನಮ್ಮವರ ಅದಾರಲ್ರಿ. ಆಕಿ ಸೊಂಟ ಹಿಡಕೊಂಡಿದ್ಲು, ಪಾಪ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬರುವಾಗ ಬಸ್ಸಿನಲ್ಲಿ ಜನ್ನತಬಿ ಕೇಳಿದಳು, "ಜಯವ್ವಾ, ನನ್ನ ಹಲಗ್ಯಾಗ ಏನ್ ಬರದಿದ್ರು?"

"ಕಳ್ಳಿ ಅಂತ ಬರದಿದ್ರು ಬಿಡ ಆಯಿ" ಎಂದಳು ಜಯಮಾಲಾ.

ಕಾರ್ಯಕ್ರಮ ಟಿವಿಯಲ್ಲಿ ಬಂದ ದಿನ ಓಣಿಗೆ ಹಬ್ಬ. ಜಯಮಾಲಾಳನ್ನು ಸರ್ವಾಧಿಕಾರಿ ಬಾಯಾರ ಎಂದು ಕೆಲದಿನ ಕಾಡಿದರು, ಆಮೇಲೆ ಮರೆತರು. ಇನ್ನೊಂದು ಹಲಗೆಯನ್ನು ಮಾತ್ರ ಯಾರೋ ಮರೆಯಲು ಬಿಡಲಿಲ್ಲ. ಮೊಬೈಲಿನಲ್ಲಿ ತುಣುಕೊಂದು ಬಂತು. ತಂಬಿಗೆ ಇಲ್ಲ, ಹಳದಿ ಕೆಂಪು ಇಲ್ಲ, ಸೊಂಟ ಹಿಡಿದ ಮುದುಕಿಯೂ ಇಲ್ಲ. ಸೆರಗು ಹೊದ್ದ ಜನ್ನತಬಿ, ಕೊರಳಲ್ಲಿ ಹಲಗೆ, "ಹೌದ್ರಿ" ಅನ್ನುತ್ತಾಳೆ, "ಆ ದೇಶದವರೂ ನಮ್ಮವರ ಅದಾರಲ್ರಿ" ಅನ್ನುತ್ತಾಳೆ. ಹಿಂದೆ ಎದೆ ನಡುಗಿಸುವ ಸಂಗೀತ. ಮೇಲೆ ಪರದೇಶದ ಬಾವುಟ.

ತೋರಿಸಿದವನು ಎದುರುಮನೆಯ ಕಲ್ಮೇಶ. ಮೊಬೈಲ್ ಅಂಗಡಿ ಇಟ್ಟವನು. ಆಕೆಯ ಕೈಯಿಂದ ಹೆಂಡತಿಗೆ ಬಳೆ ಇಡಿಸಿದವನು.

"ಏ ಆಯಿ, ಜಿಲ್ಲಾಕ್ಕೆಲ್ಲ ಫೇಮಸ್ ಆದಿ ನೋಡ್. ದ್ರೋಹಿ ಆಯಿ."

"ನಿನ್ನ ಮಾರಿಗಿಷ್ಟು" ಎಂದು ಆಕೆ, ಅದನ್ನೂ ಆಟದ ತಮಾಷೆಯೆಂದೇ ತಿಳಿದು, ಅವನಿಗೆ ಮಲಾರ ಎತ್ತಿ ತೋರಿಸಿ ನಕ್ಕಳು. ಆತನೂ ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಅಂದದ್ದಲ್ಲ. ಆದರೆ ಆ ಹೆಸರು ಅವನ ಅಂಗಡಿಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಹಳ್ಳಿಗಳಿಗೆ ನಡೆಯಿತು.

ಮೊದಲು ಊರ ಹೊರಗಿನ ಹೊಸ ಮನೆಗಳವರು ಗೇಟು ತೆಗೆಯುವುದನ್ನು ಬಿಟ್ಟರು. ಒಳಗಿಂದಲೇ "ಬಳಿ ಬ್ಯಾಡ" ಅನ್ನುವರು. ಜನ್ನತಬಿ ಸಿಟ್ಟಾಗಲಿಲ್ಲ. "ಈಗಿನವರು ಪೇಟ್ಯಾಗ ತಗೋತಾರ" ಎಂದಳು. ಆಮೇಲೆ ಸಿಂದಗಿಯ ಸಂತೆ. ಅಲ್ಲಿ ಆಕೆ ಗೋಣಿಚೀಲ ಹಾಸಿ ಕೂತಿದ್ದಾಗ ಯಾವೂರಿನವರೋ ನಾಲ್ಕಾರು ಜನ ಸುತ್ತ ನಿಂತು ಮೊಬೈಲ್ ಹಿಡಿದರಂತೆ. ಪಕ್ಕದಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಯಲ್ಲವ್ವ ಕಣ್ಣಾರೆ ಕಂಡು ನನಗೆ ಹೇಳಿದಳು.

"ಆಯಿ, ನಿಮ್ಮದು ಯಾವ ದೇಶ? ಹೇಳ್ರಿ."

ಟಿವಿ ನೋಡಿದವರು ಆಟದ ಮಾತು ಕೇಳುತ್ತಿದ್ದಾರೆಂದು ಜನ್ನತಬಿ ತಿಳಿದಳು.

"ನಂದು ಹಳದಿ ದೇಶರಿ" ಎಂದಳು.

ಅವರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಹೇಳೆಂದರು, ಹೇಳಿದಳು. ಜೈಕಾರ ಹಾಕೆಂದರು, ಹಾಕಿದಳು. ಜೋರಾಗಿ ಎಂದರು, ಎದ್ದು ನಿಂತು ಜೋರಾಗಿ ಹಾಕಿದಳು. ಯಾರೂ ಮೈ ಮುಟ್ಟಲಿಲ್ಲ. ಬಿಡಿಸಲೂ ಬರಲಿಲ್ಲ. ಅವರು ಹೋದ ಮೇಲೆ ಆಕೆ ಯಲ್ಲವ್ವನನ್ನು ಕೇಳಿದಳಂತೆ, "ಯವ್ವಾ, ನಾ ಏನ್ ತಪ್ಪ್ ಹೇಳಿದೆ?"

ಯಲ್ಲವ್ವನೇ ಆ ಹಲಗೆಯ ಅಕ್ಷರ ಏನೆಂದು, ಮೊಬೈಲಿನ ತುಣುಕು ನೋಡಿದ ಮಂದಿ ಅದನ್ನು ನಿಜವೆಂದು ನಂಬಿದ್ದಾರೆಂದು ಬಿಡಿಸಿ ಹೇಳಿದಳು. ಜನ್ನತಬಿ ಬಳೆಗಳನ್ನು ದಾರಕ್ಕೆ ಪೋಣಿಸಿಕೊಂಡು, ಸಂತೆ ಮುಗಿಯುವ ಮೊದಲೇ ಬಸ್ಸು ಹತ್ತಿದಳು. ಅಂದು ನಮ್ಮ ಕಟ್ಟೆಗೆ ಬರಲಿಲ್ಲ.

ಜಯಮಾಲಾ ಅತ್ತಳು. ಟಿವಿಯವರಿಗೆ ಫೋನು ಹಚ್ಚಿದಳು. ಆ ಕಡೆಯವನ ದನಿ ನನಗೂ ಕೇಳುತ್ತಿತ್ತು.

"ಅದು ಟಾಸ್ಕ್ ಅಷ್ಟೇ ಮೇಡಮ್. ಮನರಂಜನೆಗಾಗಿ ಮಾತ್ರ ಅಂತ ಕೆಳಗಡೆ ಹಾಕಿದ್ದೀವಲ್ಲ."

"ನಮ್ಮ ಆಯಿಗೆ ಓದಾಕ ಬರಂಗಿಲ್ರಿ."

"ನೋಡೋರಿಗೆ ಬರುತ್ತಲ್ಲ ಮೇಡಮ್."

ಅಷ್ಟರಲ್ಲಿ ನನ್ನ ಮೊಮ್ಮಗಳು ಸುಗಲಾ ಬಸುರಿಯಾಗಿ ತವರಿಗೆ ಬಂದಿದ್ದಳು. ಸೀಮಂತದ ಕುಬಸ ಮಾಡಬೇಕು. ಕುಬಸಕ್ಕೆ ಹಸಿರು ಬಳೆ ಇಡುವವಳು ನಮ್ಮ ಮನೆಗೆ ಒಬ್ಬಳೇ. ಆ ತುಣುಕು ನೋಡಿದ್ದ ಬೀಗರು ಇಂಡಿಯಿಂದ ಫೋನು ಮಾಡಿ, ಆಕೆ ಬೇಡವೆಂದರು. ಬೀಗ ರಾವಸಾಬರು ಕೆಟ್ಟವರಲ್ಲ, ಮೆಲ್ಲಗೆ ಮಾತಾಡುವವರು.

"ಹಂಗ ಅಲ್ರಿ ಅಕ್ಕಾರ. ನಮಗೇನೂ ಇಲ್ಲ. ಮಂದಿ ಫೋಟೋ ತಗೀತಾರ, ಹಾಕ್ತಾರ. ನಾಳೆ ನಮ್ಮ ಮನಿ ಹೆಸರ ಅದರಾಗ ಬರಬಾರದು. ಪೇಟ್ಯಾಗಿನ ಬಳಿ ತಂದು ನೀವ ಇಟ್ರ ನಡೀತೈತಿ."

ಜಯಮಾಲಾ ಸುಮ್ಮನೆ ಹೂಂ ಅಂದಳು. ಸುಗಲಾ ಒಪ್ಪಲಿಲ್ಲ.

"ನಾ ಹುಟ್ಟಿದಾಗಿಂದ ಆಕಿ ಕೈಲೆ ಇಡಿಸ್ಕೊಂಡೀನಿ. ಆಕಿ ಬರಲಿಲ್ಲಂದ್ರ ನನಗ ಕುಬಸನ ಬ್ಯಾಡ."

ಹಾಗಾಗಿ ನಾನೇ ಹೊರಟೆ. ಜನ್ನತಬಿಯ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ನೆಲದ ಮೇಲೆ ಬಳೆಗಳನ್ನು ಬಣ್ಣಕ್ಕೊಂದು ಗುಂಪು ಮಾಡಿ ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಹಸಿರು ಗುಂಪೊಂದನ್ನು ಬೇರೆ ಇಟ್ಟಿದ್ದಳು.

"ಸುಗಲಾಗ ಇವು" ಎಂದು ನನ್ನ ಮುಂದೆ ದೂಡಿದಳು. "ಆಕಿ ಕೈ ಈಗ ಬಾತಿರ್ತಾವು, ಒಂದಳತಿ ದೊಡ್ಡವು ತೆಗೆದೀನಿ. ಎಣ್ಣಿ ಸವರಿ ಇಡ್ರಿ."

"ನೀನ ಬಂದು ಇಡು. ಮುಂದಿನ ಬಾಗಲದಿಂದ ಬಾ. ನಾ ನಿನ್ನ ಸಂಗಾಟ ಬರ್ತೇನಿ. ಯಾರು ಏನಂತಾರ ನೋಡೂಣು."

ಆಕೆ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಯಕ್ಕಾ, ಚೊಚ್ಚಲ ಹೆರಿಗಿ. ನಾಳೆ ದವಾಖಾನ್ಯಾಗ ಏನಾರ ಹೆಚ್ಚು ಕಡಿಮಿ ಆತಂದ್ರ, ಡಾಕ್ಟರ್ ಹೆಸರ ಹೇಳಂಗಿಲ್ಲ. ಬಳಿ ಇಟ್ಟಾಕಿ ಯಾರು ಅಂತ ಕೇಳ್ತಾರ. ಬರೇ ಬೈಗಳಾದ್ರ ತಿಂದೇನಿ. ಆ ಹುಡುಗಿ ಮಾರಿ ನೋಡಾಕ ಆಗಂಗಿಲ್ಲ ನನಗ."

ಹಾಗೆ ಯಾರೂ ಕೇಳುವುದಿಲ್ಲ ಎಂದು ನಾನು ಹೇಳಬೇಕಿತ್ತು. ಕೇಳುವವರ ಮುಖಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು. ಹಸಿರು ಬಳೆ ಸೆರಗಿನಲ್ಲಿ ಕಟ್ಟಿಕೊಂಡು ಎದ್ದೆ. ಕುಬಸದ ದಿನ ಜಯಮಾಲಾಳೇ ಎಣ್ಣೆ ಸವರಿ ಇಟ್ಟಳು. ಸುಗಲಾ ತಲೆ ಎತ್ತಲಿಲ್ಲ. ಆರತಿಯ ಹೊತ್ತಿಗೆ ಕಲ್ಮೇಶ ಓಡಿ ಬಂದು, ಜನ್ನತಬಿಯ ಮನೆಗೆ ಕೀಲಿ ಬಿದ್ದಿದೆ ಎಂದ.

ಸುಗಲಾ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆ ಮಾತು ಹೇಳಲೆಂದೇ ನಾನು, ಜನ್ನತಬಿ ಮಗಳ ಮನೆ ಸೇರಿದ್ದ ನಿಡಗುಂದಿಗೆ ಹೋದೆ. ಹೆದ್ದಾರಿಯ ಪಕ್ಕದ ಖಾನಾವಳಿಯ ಹಿಂದೆ ಜನ್ನತಬಿ ಉಳ್ಳಾಗಡ್ಡಿ ಹೆಚ್ಚುತ್ತಾ ಕೂತಿದ್ದಳು. ಸುದ್ದಿ ಕೇಳಿ ಕಣ್ಣು ಮುಚ್ಚಿಕೊಂಡಳು. "ಅಲ್ಲಾ ದೊಡ್ಡಾಂವ" ಎಂದಳು. ಕೂಸಿನ ಬಣ್ಣ, ಕೂದಲು, ಅಳುವ ದನಿ ಎಲ್ಲ ಕೇಳಿದಳು. ಬಾಣಂತಿಯ ಕೈಯ ಬಾವು ಇಳಿಯಿತೇ ಎಂದೂ ಕೇಳಿದಳು.

ಆಗ ಖಾನಾವಳಿಯ ಒಡತಿ ಒಳಗಿನಿಂದ ಬಂದಳು. ನಾನು ಆಲಮೇಲದವಳು ಎಂದು ತಿಳಿದು ನನ್ನನ್ನೇ ಮಾತಾಡಿಸಿದಳು.

"ನಿಮ್ಮ ಕಡೆ ಬಳಿ ಇಡೂ ಹೆಣಮಕ್ಳು ಚಲೋ ಅದಾರಂತಲ್ರಿ? ನಮ್ಮ ಹುಡುಗೀದು ಮುಂದಿನ ತಿಂಗಳ ಮದವಿ ಐತಿ. ಇಲ್ಲಿ ಯಾರೂ ಸಿಗವಲ್ರು. ಈ ಆಯಿಗಿ ಕೇಳಿದೆ, ಗೊತ್ತಿಲ್ಲಂತಾರ."

ನಾನು ಬಾಯಿ ತೆರೆದೆ. ಜನ್ನತಬಿಯ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು.

"ಇಲ್ರಿ, ನಮಗ್ಯಾರೂ ಗೊತ್ತಿಲ್ರಿ" ಎಂದೆ.

ಒಡತಿ ಒಳಗೆ ಹೋದಳು. ಜನ್ನತಬಿ ಕೈ ತೆಗೆದು, ಇನ್ನೊಂದು ಉಳ್ಳಾಗಡ್ಡಿ ಸುಲಿಯಲು ಹಿಡಿದಳು.