ಮೊರ ಹಿಡಿದವಳ ಸಾಕ್ಷಿ

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಬೆಳಿಗ್ಗೆ ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದರೆ, ಅದು ಗೋಡೆ ದಾಟಿ ನಮ್ಮ ನಡುಮನೆಗೇ ಬರುತ್ತದೆ. ಹಿತವಾದ ವಾಸನೆ, ನಿಜ. ಆದರೆ ಹೋದ ತಿಂಗಳಿಂದ ಅದು ಮೂಗಿಗೆ ಬಡಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿದ ಮೇಲೆ ಬೈದುಕೊಳ್ಳಿ.

ನನ್ನ ತಂಗಿ ಕೆನಡಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವ್ವನನ್ನು ಅಲ್ಲಿಗೇ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾಳೆ. ಅದಕ್ಕೆ ತಂಗಿಯ ಜನನ ಪ್ರಮಾಣಪತ್ರ ಬೇಕು. ಈ ತಾಯಿಗೇ ಈ ಮಗಳು ಹುಟ್ಟಿದ್ದು ಎಂದು ಅದರಲ್ಲಿ ಕಾಣಬೇಕಂತೆ. ಶಾಲೆಯ ಟಿ.ಸಿ.ಯಲ್ಲಿ ಅಪ್ಪನ ಹೆಸರು ಮಾತ್ರ ಇದೆ. ಅವಳು ಹುಟ್ಟಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಾಡಂಚಿನಲ್ಲಿದ್ದ ಅಜ್ಜಿಯ ಮನೆಯಲ್ಲಿ. ಬರೆಸಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಬರೆಸಬೇಕಾದರೆ ಹೆತ್ತವಳ ಮಾತು ಸಾಲದು, ಹೆರಿಗೆ ಕಂಡ ಬೇರೊಬ್ಬರು ಚಾಮರಾಜನಗರದ ಕಚೇರಿಯಲ್ಲಿ ಸಾಕ್ಷಿ ಹೇಳಬೇಕು. ಅಜ್ಜಿ ಇಲ್ಲ, ಸೂಲಗಿತ್ತಿ ಇಲ್ಲ. ಉಳಿದವಳು ನಾನೊಬ್ಬಳೇ.

ಆಗ ನಾನು ನಾಲ್ಕನೇ ಕ್ಲಾಸು. ಆಮೇಲೂ ಹೆಚ್ಚು ಮೇಲೆ ಹೋದವಳಲ್ಲ. ಆದರೆ ನೆನಪಿಗೆ ಓದು ಬೇಕಾಗಿಲ್ಲ ನೋಡಿ. ಯಾರ ಮದುವೆಯಲ್ಲಿ ಪಾಯಸ ತಳ ಹಿಡಿದಿತ್ತೆಂದು ಗುಂಡ್ಲುಪೇಟೆಯ ನಮ್ಮ ಬೀದಿಯವರು ಇವತ್ತಿಗೂ ನನ್ನನ್ನೇ ಕೇಳುತ್ತಾರೆ. ಅಂಥವಳು, ತಂಗಿ ಹುಟ್ಟಿದ ದಿನದ ಸಾಂಬ್ರಾಣಿ ವಾಸನೆಯನ್ನೂ ಮರೆಯದವಳು, ಕಚೇರಿಯ ಸಾಹೇಬರು ಹೆರಿಗೆಯ ವಿಷಯ ಕೇಳಿದಾಗ, "ನೆನಪಿಲ್ಲ ಸಾರ್" ಎಂದುಬಿಟ್ಟೆ. ಅವರು ಬರೆದುಕೊಂಡರು. ನಾನು ಅದಕ್ಕೆ ಸಹಿಯನ್ನೂ ಹಾಕಿದೆ.

ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾನು ಹೂ ಮಾರಿ ಬರುವಷ್ಟರಲ್ಲಿ ಅವಳು ದೀಪ ಹಚ್ಚಿರುತ್ತಾಳೆ. ಬೀಗ ತೆಗೆದು ಕತ್ತಲೆ ಮನೆಗೆ ಕಾಲಿಡುವುದು ನನ್ನಿಂದಾಗದು. ಅವ್ವನಿಗೂ ಹೋಗುವ ಮನಸ್ಸಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ಅವತ್ತು ಅವ್ವನೂ ಕಚೇರಿಗೆ ಬಂದಿದ್ದಳು. ವಾಪಸು ಬರುವಾಗ, ಬಸ್ಸು ಉಡಿಗಾಲ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಮಗೀನ ಮೊರ್ದಲ್ಲಿ ಮಲಗ್ಸಿ ನಿನ್ ಕೈಗಲ್ವಾ ಕಣಮ್ಮಿ ಕೊಟ್ಟಿದ್ದು? ಅಳ್ಳಾಡುಸ್ಬ್ಯಾಡ ಅಂದುದ್ಕೆ ಉಸ್ರೂ ಬುಡ್ದೆ ಕುಂತಿದ್ದೆ."

ನಾನು ಟಿಕೆಟ್ಟನ್ನು ಮಡಿಸುತ್ತಾ ಕೂತೆ.

"ಇಷ್ಟು ವರ್ಸ ನಿನ್ ತಾವ ಇದ್ದೆ. ಇನ್ನು ಅವಳ ತಾವ ಇರನ ಅಂತ ನಂಗೂ ಆಸೆ. ನಿಂಗ್ ಯೋಳಕ್ಕೆ ಎದ್ರುಕೊಂಡು ಸುಮ್ನಿದ್ದೆ."

ಹೆತ್ತ ತಾಯಿ ನನಗೆ ಹೆದರಿಕೊಂಡಿದ್ದಳು.

ಮತ್ತೆ ಹೇಳಿಕೆ ಕೊಡುತ್ತೇನೆಂದು ನಾನೇ ಹೋಗಿ ಕೇಳಿಕೊಂಡೆ. ನಾಳೆ ಕರೆದಿದ್ದಾರೆ. ಒಂದು ಸಲ ನೆನಪಿಲ್ಲ ಎಂದವಳನ್ನು ಹೇಗಮ್ಮ ನಂಬುವುದು ಎಂದು ಗುಮಾಸ್ತರು ಆಗಲೇ ಅಂದಿದ್ದಾರೆ. ನಂಬದಿದ್ದರೆ ಅವ್ವನ ದಾರಿಗೆ ನಾನೇ ಅಡ್ಡ ಬಿದ್ದಂತೆ.

ಇವತ್ತು ತಂಗಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೇ ವಾಸಿ ಎನಿಸಿತು. "ನಾಳೆ ಅವ್ರಿಗೆ ಯೋಳಾದ್ನ ಮೊದ್ಲು ನಂಗೆ ಯೋಳಕ್ಕ," ಎಂದಳು. "ನಾ ಹುಟ್ಟಿದ್ ಕತೆ ನಂಗೆ ಯಾರೂ ಯೋಳೇ ಇಲ್ಲ."

ಶುರು ಮಾಡಿದೆ. ಸೂಲಗಿತ್ತಿ ಕೆಂಪು ಸೀರೆ ಉಟ್ಟಿದ್ದಳು ಎಂದಾಗ, ಪಕ್ಕದಲ್ಲಿದ್ದ ಅವ್ವ ತಲೆಯಾಡಿಸಿ, "ಅಸ್ರು ಕಣಮ್ಮಿ," ಎಂದಳು.

ಹಸಿರೇ? ಗಾಬರಿಯಾಯಿತು. ಕಣ್ಣು ಮುಚ್ಚಿ ನೋಡಿದೆ. ಕೆಂಪೇ. ನಾಳೆ ಸಾಹೇಬರು ಕೇಳಿದರೆ ಕೆಂಪು ಎಂದೇ ಹೇಳುತ್ತೇನೆ. ಇನ್ನು ನಾನು ಕಂಡದ್ದನ್ನು ಬಿಟ್ಟು ಬೇರೇನೂ ಹೇಳಲಾರೆ.