ಒಬ್ಬರಿದ್ದಾರೆ ಅಕ್ಕ

ಗುಂಪಿನವರು ಅವಳಿಗೆ ಇಟ್ಟ ಹೆಸರು 'ಒಬ್ಬರಿದ್ದಾರೆ ಅಕ್ಕ'. ಕಾಲೇಜೊಂದರ ಗ್ರಂಥಪಾಲಕಿ ಅವಳು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ನೇರ ಒಲೆಯ ಮುಂದೆ. ಆದರೂ, ಸಣ್ಣ ಗ್ರಂಥಾಲಯಗಳಿಗೆಂದು ಹತ್ತಾರು ಊರಿನವರು ಸೇರಿ ಬಿಡುವಿನಲ್ಲಿ ಬರೆಯುವ ಮುಕ್ತ ತಂತ್ರಾಂಶವೊಂದರಲ್ಲಿ ಅವಳ ಕೈಯೂ ಇತ್ತು.

"ಮನೇಲಿ ಮಾಡೋದು ಸಾಲದು ಅಂತ ಅಲ್ಲೂ ಬಿಟ್ಟಿ ಚಾಕರಿ" ಎಂದು ಗಂಡ ನಗುತ್ತಿದ್ದ. ಮನೆಯದೂ ಬಿಟ್ಟಿ ಚಾಕರಿಯೇ ಎಂದು ಅವನು ಒಪ್ಪಿಕೊಂಡದ್ದು ಅದೊಂದೇ ಮಾತಿನಲ್ಲಿ.

ಗುಂಪಿನಲ್ಲೊಂದು ಪದ್ಧತಿ. ತಂತ್ರಾಂಶದ ಜೊತೆ ಬರುವ, ಒಂದೊಂದೇ ಕೆಲಸಕ್ಕೆಂದು ಬರೆದ ಹಳೆಯ ಪುಟ್ಟ ಉಪಕರಣಗಳ ಹೆಸರನ್ನು ವರ್ಷಕ್ಕೊಮ್ಮೆ ಕೂಗಿ, "ಇದನ್ನು ಬಳಸುವವರು ಯಾರಾದರೂ ಇದ್ದೀರಾ?" ಎಂದು ಕೇಳುತ್ತಾರೆ. ಯಾರೂ ಉಸಿರೆತ್ತದಿದ್ದರೆ ಕಿತ್ತುಹಾಕುತ್ತಾರೆ. ಪುಸ್ತಕವನ್ನು ಬ್ರೈಲ್ ಚುಕ್ಕಿಗಳಾಗಿಸಿ, ಈಗ ಎಲ್ಲೂ ತಯಾರಾಗದ ಒಂದು ಪ್ರಿಂಟರಿಗೆ ಕಳಿಸುವ ಉಪಕರಣದ ಸರದಿ ಬಂದಾಗಲೆಲ್ಲ ಅವಳೊಬ್ಬಳೇ ಬರೆಯುತ್ತಿದ್ದಳು: "ಒಬ್ಬರಿದ್ದಾರೆ."

ಆ ಒಬ್ಬರು ಅವಳ ಗಂಡನ ಸೋದರತ್ತೆ, ಮನೆಯವರಿಗೆಲ್ಲ ದೊಡ್ಡತ್ತೆ. ನಡುವಯಸ್ಸಿನಲ್ಲಿ ಕಣ್ಣು ಹೋದಮೇಲೆ ಈ ಮನೆ ಸೇರಿದವರು. "ಪಾಪ, ಅವರಿಂದ ಏನಾಗುತ್ತೆ" ಎಂದು ಬಂದವರೆದುರು ಮರುಗುವ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವುದು, ಬಟ್ಟೆ ಮಡಿಸುವುದು, ಗುಂಡಿ ಕಿತ್ತ ಅಂಗಿಯನ್ನು ಬೆರಳಲ್ಲೇ ಪತ್ತೆಹಚ್ಚಿ ಬೇರೆ ಇಡುವುದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುವುದು ಎಲ್ಲ ಅವರದೇ.

ಬ್ರೈಲ್ ಕಲಿತರೂ ಅವರಿಗೆ ಓದಲು ಕಥೆಪುಸ್ತಕಗಳಿರಲಿಲ್ಲ. ಶಾಲೆಯೊಂದು ಬೇಡವೆಂದು ಬಿಟ್ಟ ಪ್ರಿಂಟರನ್ನು ತಂದು, ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕುಕ್ಕರ್ ಕೂಗುವ ನಡುವೆ ಇವಳು ಆ ಉಪಕರಣ ಬರೆದಳು. ದಪ್ಪ ಹಾಳೆಯ ಮೇಲೆ ಬೆರಳಾಡಿಸುತ್ತ ದೊಡ್ಡತ್ತೆ ಕೇಳುತ್ತಿದ್ದರು:

"ಏನೇ, ಈ ಕಥೇಲಿ ಹೆಂಗಸರೆಲ್ಲ ಬರೀ ಕಿಟಕಿ ಹತ್ರ ನಿಂತು ಅಳ್ತಾರಲ್ಲೇ. ಪಾತ್ರೆ ಯಾರು ತೊಳೀತಾರೆ?"

"ಬರೆದೋರ ಹೆಂಡತಿ, ದೊಡ್ಡತ್ತೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ಸಲ ಚಳಿ ಕಳೆಯುವ ಮುನ್ನ ದೊಡ್ಡತ್ತೆ ತೀರಿಕೊಂಡರು. ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿದ್ದಾಯಿತು. ಒಗೆದ ಬಟ್ಟೆ ಕುರ್ಚಿಯ ಮೇಲೆ ಗುಡ್ಡೆಬಿತ್ತು. "ಈಚೆಗೆ ಯಾಕೋ ಈ ಮನೇಲಿ ಏನೂ ಕೈಗೆ ಸಿಗಲ್ಲ" ಎಂದು ಗಂಡ ಕಾಲುಚೀಲದ ಜೋಡಿ ಹುಡುಕುತ್ತ ಗೊಣಗಿದ. ಯಾಕೆಂದು ಅವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹೆಸರು ಕೂಗುವ ಕಾಲ ಬಂತು. ಗುಂಪಿನ ಮೇಲ್ವಿಚಾರಕ, ಅವಳು ಮುಖವನ್ನೇ ಕಂಡಿರದವನು, ಫೋನ್ ಮಾಡಿದ.

"ಒಬ್ಬರಿದ್ದಾರೆ ಅಕ್ಕಾ, ಈ ಸಲಾನೂ ಇದ್ದಾರೆ ತಾನೇ? ಹ್ಞೂಂ ಅಂದ್ಬಿಡಿ, ಮುಂದಿನದಕ್ಕೆ ಹೋಗ್ತೀನಿ."

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ಯಾರು ಬಂದು ನೋಡುತ್ತಿದ್ದರು? ಪ್ರತಿ ಹೊಸ ಆವೃತ್ತಿಗೂ ಅದನ್ನು ಹೊಂದಿಸುವ ಕೆಲಸ ಹೇಗೂ ಅವಳದೇ. ಇನ್ನೊಂದು ವರ್ಷ ಮಾಡಿಯಾಳು. ಆದರೆ 'ಇದ್ದಾರೆ' ಎಂಬ ಮಾತು ಬಾಯಿಗೆ ಬರುವ ಹೊತ್ತಿಗೆ, ಮಂಚವಿದ್ದ ಮೂಲೆಯತ್ತ ಕಣ್ಣು ಹೋಯಿತು.

"ಇಲ್ಲ ಕಣಪ್ಪ. ಹೋಗ್ಬಿಟ್ರು."

ಅವನು ತಡಬಡಿಸಿದ. "ಅಯ್ಯೋ, ಅಕ್ಕಾ, ನಂಗೊತ್ತಿರಲಿಲ್ಲ. ಇರಲಿ ಬಿಡಿ, ಒಂದು ವರ್ಷ ಹಾಗೇ ಇಟ್ಟಿರೋಣ."

"ಬೇಡ. ಇನ್ಯಾರೋ ಕೈಹಾಕೋದು ಬೇಡ, ನಾನೇ ತೆಗೀತೀನಿ."

ಭಾನುವಾರ ಮಧ್ಯಾಹ್ನ ಕೂತಳು. ಕೋಡಿನ ಸಾಲುಗಳ ನಡುವೆ ತನಗೆ ನೆನಪಿರಲೆಂದು ತಾನೇ ಬರೆದುಕೊಂಡಿದ್ದ ಮಾತುಗಳು ಸಿಕ್ಕವು: 'ಅಂಚು ಇನ್ನೂ ಬಿಡಬೇಕು, ಹೆಬ್ಬೆರಳಿಗೆ ಜಾಗ ಸಾಲದಂತೆ.' 'ಚುಕ್ಕಿ ಇನ್ನಷ್ಟು ಉಬ್ಬಬೇಕು, ಚಳಿಗೆ ಬೆರಳು ಮರಗಟ್ಟುತ್ತದಂತೆ.' ಒಂದೊಂದನ್ನೂ ಓದಿ, ಒಂದೊಂದನ್ನೂ ಅಳಿಸಿದಳು.

ತೆಗೆದದ್ದಕ್ಕೆ ಒಂದು ಸಾಲಿನ ಕಾರಣ ಕೊಡಬೇಕು. ಎಲ್ಲರೂ ಬರೆಯುವುದು 'ಬಳಕೆಯಲ್ಲಿಲ್ಲ' ಎಂದು. ಅವಳೂ ಹಾಗೇ ಬರೆದಳು. ಮನಸ್ಸು ಒಪ್ಪಲಿಲ್ಲ. 'ದಿನವೂ ಬಳಸುತ್ತಿದ್ದವರು ತೀರಿಕೊಂಡರು' ಎಂದು ತಿದ್ದಿ ಕಳಿಸಿದಳು.

ಕಾರಣ ಓದದ ಯಾರೋ ಕೂಡಲೇ ಚಪ್ಪಾಳೆಯ ಚಿತ್ರ ಹಾಕಿದರು. "ಅಬ್ಬ, ಹಗುರಾಯ್ತು!" ಎಂದು ಇನ್ನೊಬ್ಬರು.

"ಮುಗೀತಾ ನಿಂದು?" ಒಳಗಿನಿಂದ ಗಂಡ ಕೂಗಿದ. "ಹಾಗೇ ಒಂದು ಟೀ ಇಡು."

ಟೀ ಬರಲಿಲ್ಲ. ಅವನು ಬಾಗಿಲಿಗೆ ಬಂದು ನೋಡಿದ. ದೊಡ್ಡತ್ತೆ ಹೋದ ದಿನ, ಬಂದುಹೋಗುವವರಿಗೆಲ್ಲ ಟೀ ಮಾಡಿ ಕೊಡುವುದರಲ್ಲಿ ಅವಳಿಗೆ ಅಳಲು ಪುರುಸೊತ್ತಾಗಿರಲಿಲ್ಲ. ಈಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.