ಟೀಚರಮ್ಮ ಓಡಿಸಿದ ಮೂರು ಕಿಲೋಮೀಟರ್

ನಾನು ಹೋಟೆಲಿನ ಬಾಗಿಲಲ್ಲಿ ಕೀಲಿ ಕಾಯುವವನು. ಬಂದವರು ಕಾರು ಒಪ್ಪಿಸುತ್ತಾರೆ, ನಮ್ಮ ಡ್ರೈವರುಗಳು ಅದನ್ನು ನೆಲಮಾಳಿಗೆಗೆ ಒಯ್ದು ನಿಲ್ಲಿಸುತ್ತಾರೆ, ನಾನು ಕೀಲಿಯನ್ನು ಕೊಕ್ಕೆಗೆ ಹಾಕಿ ಚೀಟಿ ಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಕೀಲಿ ಕೊಡುವಾಗ ಜನರ ಮುಖ ನೋಡಬೇಕು ನೀವು! ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟವರೂ ಅಷ್ಟು ಸಲ ಹಿಂತಿರುಗಿ ನೋಡುವುದಿಲ್ಲ.

ಇಂಥ ಕಡೆಗೆ ನಲವತ್ತಾರರ ಹೆಂಗಸೊಬ್ಬಳನ್ನು ಡ್ರೈವರ್ ಕೆಲಸಕ್ಕೆ ಕರೆತಂದವನು ನಾನೇ. ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಹದಿನೆಂಟು ವರ್ಷ ಕಲಿಸಿದವಳು. ಅಷ್ಟೂ ವರ್ಷ ಪಕ್ಕದ ಸೀಟಿನಲ್ಲಿ ಕೂತು, ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಕಲಿಯುವವರ ಕೈಗೆ ಜೀವ ಕೊಟ್ಟು ಬದುಕಿದವಳು. ಸ್ಕೂಲು ಮುಚ್ಚಿಹೋಯಿತು. ನನ್ನ ಸೊಸೆಗೆ ಕಲಿಸಿದ್ದೂ ಆಕೆಯೇ. ನನ್ನ ಸೊಸೆಗೆ ಕಲಿಸಿದವಳು ಆನೆಗೂ ಕಾರು ಕಲಿಸಬಲ್ಲಳು. ನಾವೆಲ್ಲ ಟೀಚರಮ್ಮ ಎಂದೇ ಕರೆಯುತ್ತೇವೆ.

ಯಾರ ಕಾರೇ ಇರಲಿ, ಆಕೆ ಹತ್ತಿದೊಡನೆ ಕೀಲಿ ತಿರುಗಿಸುವುದಿಲ್ಲ. ಕ್ಲಚ್ಚು, ಬ್ರೇಕು, ಹ್ಯಾಂಡ್‌ಬ್ರೇಕು ಮೂರನ್ನೂ ಒತ್ತಿ ಎಳೆದು ನೋಡಿಯೇ ಮುಂದಿನ ಮಾತು. "ಟೀಚರಮ್ಮ ಹಾಜರಿ ತಗೋತಿದಾರೆ" ಎಂದು ಉಳಿದ ಡ್ರೈವರುಗಳು ನಗುತ್ತಿದ್ದರು. ಮ್ಯಾನೇಜರಂತೂ ಮೊದಲ ದಿನದಿಂದಲೂ ಮೂಗು ಮುರಿದವರೇ. "ಮೂರು ತಿಂಗಳು ನೋಡೋಣ. ಒಂದು ದೂರು ಬಂತೋ, ಸೀದಾ ಮನೆಗೆ" ಎಂದಿದ್ದರು. ಆಕೆಯ ಮನೆಯಲ್ಲಿ ದುಡಿಯುವ ಕೈ ಆಕೆಯದೊಂದೇ.

ಆ ಮೂರು ತಿಂಗಳು ಮುಗಿಯುವ ದಿನವೇ ವಕ್ಕರಿಸಿದರು ದಂತವೈದ್ಯರೊಬ್ಬರು. ಕೆಲಸ ಖಾಯಂ ಮಾಡುವ ಕಾಗದ ಮ್ಯಾನೇಜರ್ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಹಳೆಯ ಸಹಪಾಠಿಗಳ ಜೊತೆ ಊಟಕ್ಕೆಂದು ಹೆಂಡತಿಯೊಡನೆ ಬಂದಿದ್ದ ವೈದ್ಯರು ಟೀಚರಮ್ಮನ ಕೈಗೆ ಕೀಲಿ ಬಿಡಲೊಲ್ಲರು.

"ನಮ್ಮಪ್ಪನ ಕಾರಮ್ಮ ಇದು. ಬಾಗಿಲು ಮೆತ್ತಗೆ ಹಾಕಿ. ಸೀಟು ಸರಿಸ್ಬೇಡಿ. ರೇಡಿಯೋ ಮುಟ್ಟಬೇಡಿ. ಬೆಣ್ಣೆ ಥರ ಇದೆ ಗಾಡಿ, ಒಂದು ಕೊರತೆ ಇಲ್ಲ."

ಹೆಂಡತಿ ಏಕೋ ಕೆಮ್ಮಿದರು. ವೈದ್ಯರು ಕಿಲೋಮೀಟರ್ ತೋರಿಸುವ ಮೀಟರಿನ ಫೋಟೋವನ್ನೂ ಫೋನಿನಲ್ಲಿ ತೆಗೆದುಕೊಂಡರು. ಟೀಚರಮ್ಮ "ಆಯ್ತು ಸರ್" ಎಂದಷ್ಟೇ ಹೇಳಿ ಕಾರು ಹತ್ತಿದಳು. ಆ ಕೀಲಿ ನನ್ನ ಕೊಕ್ಕೆಗೆ ಬರುವುದು ಎಂದಿಗಿಂತ ಹತ್ತು ನಿಮಿಷ ತಡವಾಯಿತು. ಸಾಲಿನಲ್ಲಿ ಆರು ಕಾರು ಕಾಯುತ್ತಿದ್ದವು, ಏಕೆ ತಡವೆಂದು ನಾನು ಕೇಳಲಿಲ್ಲ.

ಊಟ ಮುಗಿದು ಕಾರು ಬಾಗಿಲಿಗೆ ಬಂತು. ವೈದ್ಯರು ಹತ್ತಿ ಕೂತು ಮೀಟರ್ ನೋಡಿದರು, ಫೋನು ನೋಡಿದರು, ಚಂಗನೆ ಕೆಳಗೆ ಹಾರಿದರು.

"ಮೂರು ಕಿಲೋಮೀಟರ್! ನೆಲಮಾಳಿಗೆಗೆ ನೂರು ಹೆಜ್ಜೆ ಇಲ್ಲ. ನಮ್ಮಪ್ಪನ ಕಾರಲ್ಲಿ ಊರು ಸುತ್ತೋಕೆ ಹೋಗಿದ್ರಾ?"

ಮ್ಯಾನೇಜರ್ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. "ಸಾರಿ ಡಾಕ್ಟ್ರೇ. ಇವರಿಗೆ ಇವತ್ತೇ ಕೊನೆ ದಿನ." ನನಗೆ ಮೈಯೆಲ್ಲ ಉರಿಯಿತು. ಆಕೆಯನ್ನು ಒಂದು ಮಾತು ಕೇಳಬಾರದೇ? ಆದರೆ ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಅನುಮಾನ ಬಂತು. ಅದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಟೀಚರಮ್ಮನ ದನಿ ಸ್ವಲ್ಪವೂ ಅಲುಗಲಿಲ್ಲ. "ಸರ್, ಈ ಕಡೆ ಬನ್ನಿ. ನಿಮಗೊಬ್ಬರಿಗೇ ಹೇಳ್ತೀನಿ."

"ಅದೇನು ಗುಟ್ಟು? ಎಲ್ಲರ ಮುಂದೇನೇ ಹೇಳಿ!"

"ಸರಿ ಹಾಗಾದ್ರೆ. ನಿಮ್ಮ ಹ್ಯಾಂಡ್‌ಬ್ರೇಕ್ ಹಿಡಿಯೋದೇ ಇಲ್ಲ ಸರ್."

ಸುತ್ತ ನಿಂತಿದ್ದ ಸಹಪಾಠಿಗಳೆಲ್ಲ ಕಾರಿನೊಳಗೆ ಇಣುಕಿದರು.

"ಎಳೆದ್ರೆ ಸುಮ್ನೆ ಮೇಲೆ ಬರುತ್ತೆ. ಸೀಟಿನ ಕೆಳಗೆ ಮರದ ತುಂಡಿತ್ತು, ಚಕ್ರಕ್ಕೆ ಒತ್ತು ಕೊಡೋಕೆ ಅಂತ ಗೊತ್ತಾಯ್ತು. ನಮ್ಮ ನೆಲಮಾಳಿಗೆ ಇಳಿಜಾರು. ಅಂಗೈಯಗಲದ ಮರ ನಂಬ್ಕೊಂಡು ನಿಮ್ಮಪ್ಪನ ಕಾರನ್ನ ಅಲ್ಲಿ ಬಿಡೋಕೆ ನನಗೆ ಧೈರ್ಯ ಬರಲಿಲ್ಲ. ಹೋಟೆಲ್ ಹಿಂದಿನ ಅಂಗಳ ಸಮತಟ್ಟಾಗಿದೆ, ಅಲ್ಲಿ ನಿಲ್ಲಿಸ್ದೆ. ರಸ್ತೆ ಒನ್‌ವೇ ಅಲ್ವಾ, ಸುತ್ತಿ ಹೋಗೋಕೆ ಒಂದೂವರೆ, ಸುತ್ತಿ ಬರೋಕೆ ಒಂದೂವರೆ."

ಕಂಡವರ ಹಲ್ಲಿನ ಹುಳುಕನ್ನೆಲ್ಲ ಬೆಳಕು ಬಿಟ್ಟು ಹುಡುಕುವವರು, ತಮ್ಮ ಕಾರಿನ ಹುಳುಕನ್ನು ಸೀಟಿನಡಿ ಮುಚ್ಚಿಟ್ಟಿದ್ದರು ನೋಡಿ! ಮೊದಲು ನಕ್ಕವರು ಅವರ ಹೆಂಡತಿಯೇ.

"ಎಂಟು ತಿಂಗಳಿಂದ ಬಡ್ಕೋತಿದೀನಿ! ಮೆಕ್ಯಾನಿಕ್ ಕೈಗೆ ಕೊಟ್ರೆ ಕಾರು ಹಾಳಾಗುತ್ತಂತೆ. ನರಪಿಳ್ಳೆ ಮೇಲೂ ನಂಬಿಕೆ ಇಲ್ಲ ಇವರಿಗೆ."

ವೈದ್ಯರ ಕಿವಿ ಕೆಂಪಾಗಿತ್ತು. "ಆಗಲೇ ಯಾಕಮ್ಮ ಹೇಳ್ಲಿಲ್ಲ?"

"ಹತ್ತಿ ಕೂತ ಮೇಲೆ ತಾನೇ ಗೊತ್ತಾಗಿದ್ದು? ಅಷ್ಟೊತ್ತಿಗೆ ನೀವು ಸ್ನೇಹಿತರಿಗೆ ಕಾರಿನ ಗುಣಗಾನ ಮಾಡ್ತಿದ್ರಿ. ಹೇಗೆ ಬಂದು ಹೇಳ್ಲಿ ಸರ್?"

ಅವರು ಬಗ್ಗಿ ಕಾರಿನಿಂದ ಕೀಲಿ ತೆಗೆದರು. ಅದನ್ನು ಆಕೆಯ ಅಂಗೈಯಲ್ಲಿಟ್ಟರು. "ತಪ್ಪಾಯ್ತು ತಾಯಿ. ಒಳ್ಳೆ ಮೆಕ್ಯಾನಿಕ್ ಗೊತ್ತಿದ್ರೆ ನೀವೇ ಒಯ್ದು ರಿಪೇರಿ ಮಾಡ್ಸಿ. ನಾನು ಆಟೋದಲ್ಲಿ ಹೋಗ್ತೀನಿ." ಹೆಂಡತಿ ಬಾಯಿ ತೆರೆದು ನಿಂತರು. ವೈದ್ಯರು ಮ್ಯಾನೇಜರ್ ಕಡೆ ತಿರುಗಿದರು. "ಇವರನ್ನ ಕಳಿಸಿದ್ರೋ, ನಾನು ಈ ಕಡೆ ತಲೆ ಹಾಕಲ್ಲ."

"ಛೆ ಛೆ, ಎಲ್ಲಾದ್ರೂ ಉಂಟೇ ಡಾಕ್ಟ್ರೇ! ಇವರದು ಬೆಳಿಗ್ಗೇನೇ ಖಾಯಂ ಆಗಿದೆ."

ಬೆಳಿಗ್ಗೆಯಂತೆ! ಎಂಥಾ ನಾಲಿಗೆ ಅಂತೀರಿ!

ಟೀಚರಮ್ಮ ಮುಷ್ಟಿಯಲ್ಲಿ ಕೀಲಿ ಹಿಡಿದೇ ಹೇಳಿದಳು: "ಹಾಗಿದ್ರೆ ಆ ಕಾಗದ ತರಿಸಿ ಸರ್. ಇಲ್ಲೇ ಸಹಿ ಹಾಕಿಬಿಡಿ."

ಕಾಗದ ಬಂತು. ಮ್ಯಾನೇಜರ್ ಪೆನ್ನಿಗಾಗಿ ಜೇಬು ತಡಕಾಡತೊಡಗಿದರು. ದಂತವೈದ್ಯರು ತಮ್ಮದನ್ನೇ ತೆಗೆದುಕೊಟ್ಟು, ಸಹಿ ಮುಗಿಯುವ ತನಕ ಪಕ್ಕದಲ್ಲೇ ನಿಂತರು.